ಬಟ್ಟೆಯ ಪೋಸ್ಟ್‌ಕಾರ್ಡ್ ಮತ್ತು ಪುಟ್ಟ ಕೌದಿ: ಉಡುಗೊರೆಗೆ ಹೊಲಿಯುವಾಗ ಯಾವುದು ಮೊದಲು, ಯಾವುದು ಆಮೇಲೆ

ಕಾರ್ಡಿನ ಅಂಚು ಅಲೆಅಲೆಯಾಗಿ ಬಂತು. ಬರೆದ ಶಾಯಿ ಹರಡಿಕೊಂಡಿತು. ಮೂಲೆಗೆ ಬಂದಾಗ ದಾರ ಗಂಟುಗಟ್ಟಿ ಮಿಷನ್ ನಿಂತೇಬಿಟ್ಟಿತು. ಕೌದಿಯ ಒಂಬತ್ತು ಚೌಕ ಜೋಡಿಸಿದರೆ ಒಂದು ಮೂಲೆಯೂ ಇನ್ನೊಂದಕ್ಕೆ ಕೂಡಲಿಲ್ಲ. ಹೊಸದಾಗಿ ಕೈಹಾಕಿದವರೆಲ್ಲ ಸಾಮಾನ್ಯವಾಗಿ ಈ ನಾಲ್ಕು ದೂರನ್ನೇ ಹೇಳುತ್ತಾರೆ. ಅವರಲ್ಲಿ ಹಲವರಿಗೆ ರವಿಕೆ, ಲಂಗ ಹೊಲಿದು ಕೈ ಪಳಗಿರುತ್ತದೆ. ಹಾಗಾಗಿ ತೊಂದರೆ ಹೊಲಿಗೆಯದಲ್ಲ, ಕ್ರಮದ್ದು. ಬಟ್ಟೆಯನ್ನು ಮೊದಲೇ ಅಳತೆಗೆ ಕತ್ತರಿಸಿಬಿಡುತ್ತಾರೆ, ಅಂಚು ಮುಗಿಸಿದ ಮೇಲೆ ಬರೆಯಲು ಕೂರುತ್ತಾರೆ, ಇಸ್ತ್ರಿಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಇಲ್ಲಿ ಹೇಳಿರುವ ಕ್ರಮವನ್ನು ಒಮ್ಮೆ ಹಿಂದುಮುಂದು ಮಾಡದೆ ಅನುಸರಿಸಿ ನೋಡಿ.

ಮೊದಲು ಪೋಸ್ಟ್‌ಕಾರ್ಡ್ ಹೊಲಿಯಿರಿ, ಕೌದಿ ಆಮೇಲಿರಲಿ. ಕಾರ್ಡು ಕೆಟ್ಟರೆ ಅಂಗೈಯಗಲದ ಬಟ್ಟೆ ಹೋಗುತ್ತದೆ, ಅಷ್ಟೇ.

## ಕೈಯಳತೆಯಲ್ಲಿ ಇರಬೇಕಾದ ಸಾಮಾನು

ಬಟ್ಟೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆಯೇ ಆಗಬೇಕು. ಜಾರುವ ರೇಷ್ಮೆ, ಎಳೆದರೆ ಹಿಗ್ಗುವ ಹೊಸೈರಿ ಬಟ್ಟೆ ಮೊದಲ ಸಲಕ್ಕೆ ಬೇಡ. ಕಾರ್ಡಿನ ಹಿಂಬದಿಗೆ ಅಚ್ಚುಗಳಿಲ್ಲದ ಬಿಳಿ ಅಥವಾ ಕೆನೆಬಣ್ಣದ ಬಟ್ಟೆ ಬೇಕು.

ಕಾರ್ಡಿನ ಹೊಟ್ಟೆಗೆ ಗಟ್ಟಿ ಬಕ್ರಂ, ಅಂದರೆ ಒಳಗಿಡುವ ಬಿರುಸು ಬಟ್ಟೆ. ಬ್ಯಾಗಿನ ತಳಕ್ಕೋ ಟೋಪಿಯ ಮುಂಚಾಚಿಗೋ ಹಾಕುವಂಥ ದಪ್ಪ ಬಕ್ರಂ ಬೇಕು. ಕಾಲರಿಗೆ ಹಾಕುವ ತೆಳು ಕ್ಯಾನ್ವಾಸ್ ಸಾಲದು. ಒಂದು ತುದಿ ಹಿಡಿದು ಅಡ್ಡಕ್ಕೆ ಎತ್ತಿದರೆ ಇನ್ನೊಂದು ತುದಿ ಜೋಲಬಾರದು, ಅದೇ ಪರೀಕ್ಷೆ.

ಎರಡೂ ಬದಿ ಅಂಟುವ ಫ್ಯೂಸಿಂಗ್, ಅಂದರೆ ಇಸ್ತ್ರಿಯ ಶಾಖಕ್ಕೆ ಕರಗಿ ಬಟ್ಟೆಗಳನ್ನು ಅಂಟಿಸುವ ಹಾಳೆ. ಒಂದು ಬದಿಯಲ್ಲಿ ಕಾಗದ ಇರುವಂಥದ್ದು. ಎಷ್ಟು ಶಾಖ, ಎಷ್ಟು ಸೆಕೆಂಡು, ಆವಿ ಬೇಕೋ ಬೇಡವೋ ಎಂಬುದು ಒಂದೊಂದು ತಯಾರಿಕೆಗೆ ಒಂದೊಂದು ಥರ ಇರುತ್ತದೆ. ಜೊತೆಗೆ ಬಂದ ಚೀಟಿಯನ್ನು ಬಿಸಾಡಬೇಡಿ.

ಸೂಜಿ, ದಾರ. ಹೊಸ ಸೂಜಿ ಹಾಕಿ. ಕೌದಿಯ ತುಂಡು ಜೋಡಿಸಲು 80/12 ನಂಬರು, ಕಾರ್ಡಿಗೆ ಮತ್ತು ಮೂರು ಪದರ ಸೇರಿಸಿ ಹೊಲಿಯಲು 90/14 ನಂಬರು. ಹಳೆಯ ಸೂಜಿ ಬಕ್ರಂ ದಾಟುವಾಗ ಟಕ್ ಟಕ್ ಎಂದು ಸದ್ದು ಮಾಡುತ್ತದೆ. ಆ ಸದ್ದು ಕೇಳಿದ ಕೂಡಲೇ ಬದಲಾಯಿಸಿ.

ಇವಲ್ಲದೆ ಚೂಪಾದ ಕತ್ತರಿ ಅಥವಾ ಚಕ್ರದಂತೆ ಉರುಳುವ ಬ್ಲೇಡಿನ ರೋಟರಿ ಕಟರ್, ಅದಕ್ಕೊಂದು ಮ್ಯಾಟ್, ಪಾರದರ್ಶಕ ಅಳತೆಪಟ್ಟಿ, ಇಸ್ತ್ರಿಗೆ ಅಂಟದ ಬೇಕಿಂಗ್ ಕಾಗದ, ಬಟ್ಟೆ ಮೇಲೆ ಅಳಿಯದ ಪಿಗ್ಮೆಂಟ್ ಶಾಯಿಯ ಪೆನ್ನು, ಸೇಫ್ಟಿ ಪಿನ್ನುಗಳು ಬೇಕು. ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ ಫ್ಯೂಸಿಂಗ್ ಕಾಗದ ಕತ್ತರಿಸಬೇಡಿ.

## ಬಟ್ಟೆಯ ಬಣ್ಣ ಪರೀಕ್ಷೆ

ಇದನ್ನು ಬಿಟ್ಟವರು ಆಮೇಲೆ ಅತ್ತದ್ದನ್ನು ಕಂಡಿದ್ದೇನೆ. ಕಡುಗೆಂಪು, ಕಡುನೀಲಿ, ಕಪ್ಪು ಬಟ್ಟೆ ಇದ್ದರೆ ಬಿಳಿ ಬಟ್ಟೆಯ ಚೂರೊಂದನ್ನು ಒದ್ದೆ ಮಾಡಿ ಅದರ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಚೂರಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬೇರೆಯಾಗಿ ತೊಳೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಒಣಗಿಸಿ ಮತ್ತೆ ಪರೀಕ್ಷಿಸಿ. ಎರಡನೇ ಸಲವೂ ಬಣ್ಣ ಬಿಟ್ಟರೆ ಆ ಬಟ್ಟೆ ಕೌದಿಗೆ ಬೇಡವೇ ಬೇಡ, ಎಷ್ಟೇ ಚೆಂದವಿರಲಿ.

ಇನ್ನೊಂದು ಮಾತು. ಕೌದಿಗೆ ತೊಳೆದ ಬಟ್ಟೆಯನ್ನೂ ತೊಳೆಯದ ಬಟ್ಟೆಯನ್ನೂ ಬೆರೆಸಬೇಡಿ. ಮೊದಲ ಒಗೆತದಲ್ಲಿ ಒಂದು ಕುಗ್ಗಿ ಇನ್ನೊಂದು ಹಾಗೇ ಉಳಿದರೆ ಚೌಕಗಳು ಉಬ್ಬಿಕೊಳ್ಳುತ್ತವೆ.

## ಮೊದಲ ಭಾಗ: 4 × 6 ಇಂಚಿನ ಪೋಸ್ಟ್‌ಕಾರ್ಡ್

1. ದೊಡ್ಡದಾಗಿಯೇ ಕತ್ತರಿಸಿ. ಮುಗಿದ ಕಾರ್ಡು 4 × 6 ಇಂಚು. ಆದರೆ ಮೇಲಿನ ಬಟ್ಟೆ, ಬಕ್ರಂ ಎರಡನ್ನೂ 5 × 7 ಇಂಚಿಗೆ ಕತ್ತರಿಸಿ. ಒತ್ತೊತ್ತಾಗಿ ಹೊಲಿಗೆ ಬಿದ್ದಾಗ ಬಟ್ಟೆ ಕುಗ್ಗುತ್ತದೆ, ಕುಗ್ಗುವಾಗ ನಾಲ್ಕೂ ಬದಿ ಒಂದೇ ಸಮ ಕುಗ್ಗುವುದಿಲ್ಲ. ಮೊದಲೇ 4 × 6 ಕತ್ತರಿಸಿದವರ ಕಾರ್ಡು ಕೊನೆಗೆ ಸೊಟ್ಟಗಾಗಲು ಇದೇ ಕಾರಣ.

2. ಮೇಲಿನ ಬಟ್ಟೆಯನ್ನು ಬಕ್ರಂಗೆ ಅಂಟಿಸಿ. ಫ್ಯೂಸಿಂಗ್‌ನ ಒರಟು ಬದಿಯನ್ನು ಬಟ್ಟೆಯ ಒಳಬದಿಗೆ, ಅಂದರೆ ಹೊರಗೆ ಕಾಣದ ಬದಿಗೆ, ಇಟ್ಟು ಒತ್ತಿ, ಆರಲು ಬಿಡಿ, ಕಾಗದ ಕೀಳಿ, ಬಕ್ರಂ ಮೇಲಿಟ್ಟು ಮತ್ತೆ ಒತ್ತಿ. ಇಸ್ತ್ರಿಯನ್ನು ಎತ್ತಿ ಇಡಿ, ಎತ್ತಿ ಇಡಿ. ಸೀರೆಗೆ ತೀಡಿದಂತೆ ತೀಡಿದರೆ ಬಟ್ಟೆ ಜರುಗಿ ಗುಳ್ಳೆ ಏಳುತ್ತದೆ. ಕಾಗದ ಕೀಳುವಾಗ ಅಂಟು ಕಾಗದದ ಜೊತೆಗೇ ಎದ್ದು ಬಂದರೆ ಆತುರಪಟ್ಟಿದ್ದೀರಿ ಎಂದರ್ಥ, ಪೂರ್ತಿ ಆರಿದ ಮೇಲೆ ಕೀಳಿ. ಹೇಳಿದ್ದಕ್ಕಿಂತ ಹೆಚ್ಚು ಹೊತ್ತು ಕಾಯಿಸಿದರೂ ಅಂಟು ಶಕ್ತಿ ಕಳೆದುಕೊಳ್ಳುತ್ತದೆ.

3. ಚೌಕಟ್ಟು ಗುರುತಿಸಿ, ಆಮೇಲೆ ಚಿತ್ರ. ಬಟ್ಟೆಯ ಮೇಲೆ ಅಳಿಸಬಹುದಾದ ಟೈಲರ್ ಚಾಕ್‌ನಿಂದ 4 × 6 ಇಂಚಿನ ಚೌಕಟ್ಟು ಎಳೆಯಿರಿ. ಮುಖ್ಯವಾದ ಆಕಾರ, ಅಂದರೆ ಹಕ್ಕಿಯ ಕೊಕ್ಕು, ಮನೆಯ ಮಾಡು, ಹೆಸರಿನ ಅಕ್ಷರ, ಆ ಗೆರೆಯಿಂದ ಅರ್ಧ ಇಂಚು ಒಳಗೇ ಇರಲಿ. ಅಂಚಿನ ಹೊಲಿಗೆಯೇ 4 ಮಿ.ಮೀ. ತಿಂದುಬಿಡುತ್ತದೆ. ಬೆಟ್ಟ, ಮೋಡ, ಕೊಂಬೆಗಳಂಥವು ಗೆರೆ ದಾಟಿ ಹೊರಗೆ ಹೋದರೆ ಚೆನ್ನಾಗಿಯೇ ಕಾಣುತ್ತದೆ.

ಈ ಆಕಾರಗಳೆಲ್ಲ ಬೇರೆ ಬಟ್ಟೆಯಿಂದ ಕತ್ತರಿಸಿ ಅಂಟಿಸುವಂಥವು. ಅವನ್ನು ಫ್ಯೂಸಿಂಗ್‌ನ ಕಾಗದದ ಮೇಲೆ ಬರೆಯುವಾಗ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು. ಹೂವು ತಿರುಗಿದರೆ ಗೊತ್ತಾಗದು, ಅಕ್ಷರ ತಿರುಗಿದರೆ ಓದಲಾಗದು. ಹಿಂದಿರುವುದನ್ನು ಮೊದಲು, ಮುಂದಿರುವುದನ್ನು ಕೊನೆಗೆ ಜೋಡಿಸಿ. ಎಲ್ಲ ಜಾಗಕ್ಕೆ ಕೂತ ಮೇಲೆ ಒಂದೇ ಸಲ ಬೇಕಿಂಗ್ ಕಾಗದ ಹೊದಿಸಿ ಒತ್ತಿ.

4. ಚಿತ್ರದ ಹೊಲಿಗೆ ಈಗಲೇ ಮುಗಿಸಿ. ಹಿಂಬದಿಯ ಬಟ್ಟೆ ಅಂಟಿಸುವ ಮೊದಲೇ ಚಿತ್ರಕ್ಕೆ ಬೇಕಾದ ಹೊಲಿಗೆ, ಕೈಕಸೂತಿ ಎಲ್ಲ ಆಗಿಬಿಡಬೇಕು. ಬಾಬಿನ್ ದಾರ (ಮಿಷನ್‌ನ ಕೆಳಗಿನ ಉರುಳೆಯ ದಾರ), ಗಂಟು, ತುದಿಗಳೆಲ್ಲ ಬಕ್ರಂನ ಹಿಂದೆ ಬೀಳುತ್ತವೆ, ಆಮೇಲೆ ಹಿಂಬದಿಯ ಬಟ್ಟೆ ಅವನ್ನು ಮುಚ್ಚುತ್ತದೆ. ಕ್ರಮ ತಪ್ಪಿಸಿದರೆ ವಿಳಾಸ ಬರೆಯುವ ಜಾಗದ ತುಂಬ ಹೊಲಿಗೆಯ ಗೀರುಗಳು.

ಮಣಿ, ಗುಂಡಿ, ಚಮಕಿ ಹಾಕುವ ಆಸೆಯಿದ್ದರೆ ಒಂದು ತೀರ್ಮಾನ ಈಗಲೇ ಮಾಡಿ: ಈ ಕಾರ್ಡು ಲಕೋಟೆಯಲ್ಲಿ ಹೋಗುತ್ತದೆ. ಉಬ್ಬಿದ ವಸ್ತು ಅಂಚೆಯ ವಿಂಗಡಣಾ ಯಂತ್ರಕ್ಕೆ ಸಿಕ್ಕಿಕೊಂಡು ಕಾರ್ಡೂ ಹಾಳು, ಬೇರೆಯವರ ಪತ್ರಗಳೂ ಹಾಳು.

5. ಈಗ 4 × 6 ಕತ್ತರಿಸಿ. ಚಾಕಿನ ಹಳೆಯ ಗೆರೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಹೊಲಿಗೆ ಬಿದ್ದು ಅದೂ ಜರುಗಿರುತ್ತದೆ. ಅಳತೆಪಟ್ಟಿ ಇಟ್ಟು ಹೊಸದಾಗಿ ಅಳೆದು, ನಾಲ್ಕೂ ಮೂಲೆ ನೇರ ಮಾಡಿಕೊಳ್ಳಿ.

6. ಬರೆಯುವ ಕೆಲಸ. ಹೆಚ್ಚಿನವರು ಎಡವುವುದು ಇಲ್ಲಿ. ನಾನೂ ಒಮ್ಮೆ ಅಂಚು ಪೂರ್ತಿ ಹೊಲಿದು, ದಾರ ಕತ್ತರಿಸಿ, ಆಮೇಲೆ ಸಮಾಧಾನವಾಗಿ ಬರೆಯಲು ಕೂತೆ. ಎರಡನೇ ಸಾಲಿನಲ್ಲಿ ಪೆನ್ನು ಎಳೆಗೆ ಸಿಕ್ಕಿ ಶಾಯಿ ಜೋಳದ ಕಾಳಿನಷ್ಟು ಹರಡಿತು. ಮೂರು ಗಂಟೆಯ ಕೆಲಸ ಅಲ್ಲಿಗೆ ಮುಗಿಯಿತು. ಅಂದಿನಿಂದ ಅಂಟಿಸುವ ಮೊದಲೇ ಬರೆಯುತ್ತೇನೆ.

ಹೀಗೆ ಮಾಡಿ. ಹಿಂಬದಿಯ ಬಿಳಿ ಬಟ್ಟೆಯನ್ನು 4½ × 6½ ಇಂಚಿಗೆ ಕತ್ತರಿಸಿ, ಫ್ಯೂಸಿಂಗ್ ಒತ್ತಿ, ಕಾಗದವನ್ನು ಕೀಳದೆ ಹಾಗೇ ಬಿಡಿ. ಕಾಗದದ ಬೆನ್ನು ಇದ್ದಾಗ ಬಟ್ಟೆ ಬಿಗಿಯಾಗಿರುತ್ತದೆ, ಪೆನ್ನು ಜಾರಿಕೊಂಡು ಹೋಗುತ್ತದೆ. ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ಮಾತು, ಬಲಕ್ಕೆ ವಿಳಾಸ, ಬಲಗಡೆ ಮೇಲಿನ ಮೂಲೆ ಅಂಚೆಚೀಟಿಗೆ ಖಾಲಿ. ಸುತ್ತಲೂ ಮುಕ್ಕಾಲು ಇಂಚು ಬಿಟ್ಟು ಬರೆಯಿರಿ. ಪೆನ್ನನ್ನು ಒಂದೇ ಕಡೆ ಊರಿ ನಿಲ್ಲಿಸಬೇಡಿ, ನಿಂತಲ್ಲಿ ಶಾಯಿ ಹರಡುತ್ತದೆ. ಒಣಗಿದ ಮೇಲೆ ಆವಿಯಿಲ್ಲದ ಇಸ್ತ್ರಿಯಿಂದ ಒಮ್ಮೆ ಒತ್ತಿ. ತಪ್ಪಿದರೆ ಈ ಬಿಳಿ ತುಂಡು ಮಾತ್ರ ಹೋಗುತ್ತದೆ, ಚಿತ್ರ ಉಳಿಯುತ್ತದೆ.

7. ಹಿಂಬದಿ ಅಂಟಿಸಿ, ಸವರಿ. ಚಿತ್ರದ ತಲೆ, ಬರಹದ ತಲೆ ಎರಡೂ ಒಂದೇ ಕಡೆಗಿವೆಯೇ ನೋಡಿ. ಇನ್ನೊಮ್ಮೆ ನೋಡಿ. ಆಮೇಲೆ ಕಾಗದ ಕಿತ್ತು ಒತ್ತಿ. ಕಾರ್ಡನ್ನು ಮಗುಚಿ, ಸುತ್ತ ಉಳಿದ ಕಾಲು ಇಂಚಿನಷ್ಟನ್ನು ಅಂಚಿಗೆ ಸಮನಾಗಿ ಕತ್ತರಿಸಿ.

8. ಅಂಚಿನ ಹೊಲಿಗೆ, ಎರಡು ಸುತ್ತು. ಒಂದೇ ಸುತ್ತಿನಲ್ಲಿ ಒತ್ತಾಗಿ ಹೊಲಿದುಬಿಡುವ ಆಸೆಯೇ ಅಲೆಅಲೆ ಅಂಚಿಗೆ ಕಾರಣ. ಮೊದಲ ಸುತ್ತು ಜಿಗ್‌ಜ್ಯಾಗ್ ಅಗಲ 3, ಉದ್ದ 1 ಮಿ.ಮೀ. ಇದು ಮೂರೂ ಪದರವನ್ನು ಕಟ್ಟಿಹಾಕುತ್ತದೆ. ಎಳೆಗಳು ಹೊರಚಾಚಿದ್ದರೆ ಈಗ ಸವರಿ. ಎರಡನೇ ಸುತ್ತು ಅಗಲ 4, ಉದ್ದ 0.4 ಮಿ.ಮೀ. ಸೂಜಿಯ ಎಡಗುರಿ ಬಟ್ಟೆಯ ಮೇಲೆ ಬೀಳಬೇಕು, ಬಲಗುರಿ ಅಂಚಿನ ಆಚೆಗೆ ಕೂದಲೆಳೆಯಷ್ಟು ದೂರ ಬೀಳಬೇಕು. ಆಗ ದಾರ ಅಂಚನ್ನು ಸುತ್ತಿಕೊಳ್ಳುತ್ತದೆ.

ಬಾಬಿನ್‌ಗೂ ಮೇಲಿನ ಬಣ್ಣದ ದಾರವೇ ಇರಲಿ, ಎರಡೂ ಬದಿ ಕಾಣುತ್ತದೆ. ಬಾಬಿನ್ ತುಂಬಿಕೊಂಡೇ ಶುರುಮಾಡಿ. ಲೆಕ್ಕ ಹಾಕಿ: ಕಾರ್ಡಿನ ಸುತ್ತಳತೆ 20 ಇಂಚು, ಅಂದರೆ 508 ಮಿ.ಮೀ. 0.4ಕ್ಕೊಂದರಂತೆ ಸುಮಾರು 1,270 ಸಲ ಸೂಜಿ ಇಳಿಯುತ್ತದೆ, ಪ್ರತಿ ಸಲ 4 ಮಿ.ಮೀ. ಅಡ್ಡ ಹಾಯುತ್ತದೆ. ಎರಡನೇ ಸುತ್ತೊಂದಕ್ಕೇ 5 ಮೀಟರಿಗೂ ಹೆಚ್ಚು ದಾರ. ನಡುವೆ ಬಾಬಿನ್ ಮುಗಿದರೆ ಆ ಜೋಡಣೆ ಎಂದೂ ಮರೆಯಾಗುವುದಿಲ್ಲ.

ಶುರುಮಾಡುವುದು ಉದ್ದ ಬದಿಯ ನಡುವಿನಿಂದ, ಮೂಲೆಯಿಂದ ಅಲ್ಲ. ಮೂಲೆಗೆ ಬಂದಾಗ ಸೂಜಿ ಬಲಗುರಿಯಲ್ಲಿ, ಕೆಳಗಿಳಿದ ಸ್ಥಿತಿಯಲ್ಲಿ ನಿಲ್ಲಬೇಕು. ಕೊನೆಯ ಎರಡು ಮೂರು ಹೊಲಿಗೆಯನ್ನು ಚಕ್ರವನ್ನು ಕೈಯಲ್ಲೇ ತಿರುಗಿಸಿ ಹಾಕಿ. ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ ಕಾಲು ಎತ್ತಿ, ಕಾರ್ಡು ತಿರುಗಿಸಿ, ಕಾಲು ಇಳಿಸಿ. ಇಲ್ಲಿ ಮಿಷನ್ ನಿಂತುಬಿಡಲು ಕಾರಣವಿದೆ: ಕಾಲಿನ ಮುಂಭಾಗ ಕಾರ್ಡಿನ ದಪ್ಪದ ಮೇಲಿದೆ, ಹಿಂಭಾಗದ ಕೆಳಗೆ ಏನೂ ಇಲ್ಲ, ಕಾಲು ವಾಲುತ್ತದೆ, ಬಟ್ಟೆಯನ್ನು ಸರಿಸುವ ಕೆಳಗಿನ ಹಲ್ಲುಗಳಿಗೆ ಹಿಡಿತ ಸಿಗುವುದಿಲ್ಲ. ಸವರಿ ಉಳಿದ ಬಕ್ರಂ ಚೂರುಗಳನ್ನು ಕಾರ್ಡಿನಷ್ಟೇ ದಪ್ಪವಾಗುವಂತೆ ಒಂದರ ಮೇಲೊಂದು ಇಟ್ಟು ಕಾಲಿನ ಹಿಂಭಾಗದಡಿ ಕೊಡಿ. ಸಲೀಸಾಗಿ ಹೊರಡುತ್ತದೆ.

### ನಿಮ್ಮ ಮಿಷನ್‌ಗೆ ನೇರ ಹೊಲಿಗೆ ಮಾತ್ರ ಗೊತ್ತಿದ್ದರೆ

ನಿರಾಶರಾಗಬೇಡಿ, ನನಗೆ ಈ ವಿಧಾನವೇ ಹೆಚ್ಚು ಇಷ್ಟ. ಮಿಷನ್‌ನಿಂದ ದಾರ ತೆಗೆದುಬಿಡಿ. ಹೊಲಿಗೆಯ ಉದ್ದ 4 ಮಿ.ಮೀ.ಗೆ ಇಟ್ಟು, ಅಂಚಿನಿಂದ 4 ಮಿ.ಮೀ. ಒಳಗೆ, ಬರಿ ಸೂಜಿಯಲ್ಲೇ ಸುತ್ತಲೂ ಓಡಿಸಿ. ಸಮ ದೂರದಲ್ಲಿ ತೂತುಗಳು ಬೀಳುತ್ತವೆ. ಕಸೂತಿಯ ಎರಡೆಳೆ ದಾರ ತೆಗೆದುಕೊಂಡು ಆ ತೂತುಗಳ ಮೂಲಕ ಕೈಯಿಂದ ಕಾಜಾ ಹೊಲಿಗೆ ಹಾಕಿ. ಬಕ್ರಂ ಚುಚ್ಚಿ ಬೆರಳು ನೋಯುವುದಿಲ್ಲ, ಹೊಲಿಗೆಗಳೂ ಮಣಿ ಪೋಣಿಸಿದಂತೆ ಸಮನಾಗಿ ಕೂರುತ್ತವೆ. ಮೂಲೆಯ ತೂತಿನಲ್ಲಿ ಮೂರು ಹೊಲಿಗೆ ಹಾಕಿ, ನೇರಕ್ಕೊಂದು, ಓರೆಗೊಂದು, ಮತ್ತೆ ನೇರಕ್ಕೊಂದು.

9. ಕಳಿಸುವುದು. ಅಂಚೆಚೀಟಿ ಬಟ್ಟೆಗೆ ಸರಿಯಾಗಿ ಹಿಡಿಯದು, ಗ್ಲೂ ಸ್ಟಿಕ್ ಹಚ್ಚಿ ನಾಲ್ಕೂ ಮೂಲೆ ಒತ್ತಿ. ದಪ್ಪ, ತೂಕ, ದರದ ನಿಯಮಗಳು ಒಂದೊಂದು ಕಡೆ ಒಂದೊಂದು ಇರುತ್ತವೆ. ಡಬ್ಬಿಗೆ ಹಾಕದೆ ಅಂಚೆ ಕಚೇರಿಗೆ ಒಯ್ದು ತೂಗಿಸಿ, ಮೊಹರನ್ನು ಕೈಯಿಂದಲೇ ಒತ್ತಲು ಕೇಳಿಕೊಳ್ಳಿ.

## ಎರಡನೇ ಭಾಗ: 12 ಇಂಚಿನ ಪುಟ್ಟ ಕೌದಿ

ಗೋಡೆಗೆ ತೂಗುಹಾಕಲು, ಮೇಜಿನ ಮೇಲೆ ಹಾಸಲು, ತೊಟ್ಟಿಲ ಬೊಂಬೆಗೆ ಹೊದಿಸಲು ಈ ಅಳತೆ ಸಾಕು. ಒಂಬತ್ತು ಚೌಕದ ವಿನ್ಯಾಸದಿಂದಲೇ ಕಲಿಯಿರಿ.

1. ಹೊಲಿಗೆಯ ಅಂಚನ್ನು ಅಳೆದು ನೋಡಿ. ಇಡೀ ಕೌದಿ ನಿಂತಿರುವುದು ಕಾಲು ಇಂಚಿನ ಮೇಲೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ತೆಗೆದುಕೊಂಡು, ಕಾಲು ಇಂಚು ಬಿಟ್ಟು ಉದ್ದಕ್ಕೆ ಜೋಡಿಸಿ, ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಬರಬೇಕು. ಕಡಿಮೆ ಬಂದರೆ ಹೆಚ್ಚು ಬಟ್ಟೆ ಒಳಗೆ ಹೋಗುತ್ತಿದೆ ಎಂದರ್ಥ. ಒಂದು ಹೊಲಿಗೆಯಲ್ಲಿ ಇಂಚಿನ ಹದಿನಾರನೇ ಒಂದು ಭಾಗ ತಪ್ಪಿದರೂ ಎರಡು ಬದಿಯ ಬಟ್ಟೆ ಸೇರಿ ಎಂಟನೇ ಒಂದು ಭಾಗ ಹೋಯಿತು. ಮೂರು ಚೌಕದ ಸಾಲಿನಲ್ಲಿ ಎರಡು ಹೊಲಿಗೆ, ಕಾಲು ಇಂಚು ಮಾಯ. ಅಳತೆ ಸರಿಬಂದ ಮೇಲೆ ಆ ದೂರಕ್ಕೆ ಮಿಷನ್ ತಟ್ಟೆಯ ಮೇಲೆ ಟೇಪು ಅಂಟಿಸಿಬಿಡಿ.

2. ಕತ್ತರಿಸಿ. 4½ ಇಂಚಿನ ಒಂಬತ್ತು ಚೌಕ, ಐದು ಗಾಢ ಬಣ್ಣ, ನಾಲ್ಕು ತಿಳಿ ಬಣ್ಣ. ನೂಲಿನ ಓಟಕ್ಕೆ ನೇರವಾಗಿ ಕತ್ತರಿಸಿ. ಓರೆಯಾಗಿ ಕತ್ತರಿಸಿದ ಚೌಕ ಹೊಲಿಯುವಾಗ ಹಿಗ್ಗುತ್ತದೆ.

3. ಸಾಲು ಜೋಡಿಸಿ, ಇಸ್ತ್ರಿ ಮಾಡಿ. ಮೂರು ಮೂರು ಚೌಕದ ಮೂರು ಸಾಲು. ಮೊದಲ ಮತ್ತು ಮೂರನೇ ಸಾಲಿನ ಹೊಲಿಗೆಗಳನ್ನು ಗಾಢ ಚೌಕದ ಕಡೆಗೆ ಮಡಚಿ ಇಸ್ತ್ರಿ ಮಾಡಿ. ನಡುವಿನ ಸಾಲಿನದನ್ನೂ ಗಾಢ ಬಣ್ಣದ ಕಡೆಗೇ ಮಡಚಿ. ಬಣ್ಣಗಳು ಒಂದು ಬಿಟ್ಟು ಒಂದು ಇರುವುದರಿಂದ ಮಡಿಕೆಗಳು ತಾವಾಗಿ ಎದುರು ದಿಕ್ಕಿಗೆ ಬೀಳುತ್ತವೆ. ಎರಡು ಸಾಲುಗಳನ್ನು ಮುಖಕ್ಕೆ ಮುಖ ಇಟ್ಟು ಬೆರಳಿನಲ್ಲಿ ಸವರಿದರೆ ಮಡಿಕೆಗಳು ಒಂದಕ್ಕೊಂದು ತಾಗಿ ಟಕ್ಕೆಂದು ಕೂರುತ್ತವೆ. ಅಲ್ಲಿ ಪಿನ್ನು ಚುಚ್ಚಿ ಹೊಲಿಯಿರಿ. ಮೂಲೆ ಕೂಡದ ದೂರು ಇಲ್ಲಿಗೆ ಮುಗಿಯುತ್ತದೆ. ಒಟ್ಟು ಅಳತೆ 12½ ಇಂಚು.

4. ಮೂರು ಪದರ. ಕೆಳಗಿನ ಬಟ್ಟೆ, ನಡುವಿನ ಹತ್ತಿ ಹಾಳೆ ಎರಡೂ 16 ಇಂಚು ಇರಲಿ. ಕೆಳಗಿನ ಬಟ್ಟೆಯನ್ನು ಒಳಬದಿ ಮೇಲೆ ಬರುವಂತೆ ಹಾಸಿ, ಮೇಜಿಗೆ ಟೇಪಿನಿಂದ ಬಿಗಿಯಾಗಿ ಹಿಡಿಸಿ. ಮೇಲೆ ಹತ್ತಿ ಹಾಳೆ, ಅದರ ಮೇಲೆ ಚೌಕದ ಬಟ್ಟೆ. ನಡುವಿನಿಂದ ಹೊರಕ್ಕೆ ಮೂರು ಮೂರು ಇಂಚಿಗೆ ಸೇಫ್ಟಿ ಪಿನ್ನು. ಹಿಂಬದಿಯಲ್ಲಿ ನೆರಿಗೆ ಬೀಳುವುದು ಟೇಪು ಹಾಕದವರಿಗೆ, ಪಿನ್ನು ಉಳಿಸಿದವರಿಗೆ. ಹಾಳೆ ಪಾಲಿಯೆಸ್ಟರಿನದಾಗಿದ್ದರೆ ಕಾದ ಇಸ್ತ್ರಿ ತಾಗಿಸಬೇಡಿ, ಕರಗಿ ಗಟ್ಟಿಯಾಗುತ್ತದೆ.

5. ಪದರ ಸೇರಿಸುವ ಹೊಲಿಗೆ. ವಾಕಿಂಗ್ ಫುಟ್ ಇದ್ದರೆ ಅದನ್ನೇ ಹಾಕಿ, ಮೇಲಿನ ಪದರವನ್ನೂ ಕೆಳಗಿನಷ್ಟೇ ವೇಗದಲ್ಲಿ ಎಳೆಯುತ್ತದೆ. ಉದ್ದ 2.5ರಿಂದ 3 ಮಿ.ಮೀ. ಮೊದಲ ಗೆರೆ ಕೌದಿಯ ನಡುವೆ, ಆಮೇಲೆ ಎರಡೂ ಪಕ್ಕಕ್ಕೆ. ಒಂದು ಬದಿಯಿಂದ ಶುರುಮಾಡಿ ಇನ್ನೊಂದು ಬದಿಗೆ ಸಾಗಿದರೆ ಬಟ್ಟೆಯೆಲ್ಲ ಆ ಬದಿಗೆ ತಳ್ಳಿಕೊಂಡು ಹೋಗುತ್ತದೆ. ಪ್ರತಿ ಎರಡು ಗೆರೆಗೊಮ್ಮೆ ಮಗುಚಿ ಹಿಂಬದಿ ನೋಡಿ. ನೆರಿಗೆ ಕಂಡರೆ ಆಗಲೇ ಬಿಚ್ಚಿ. ಕೈಹೊಲಿಗೆ ಬಲ್ಲವರು ಕೌದಿಯ ಓಟದ ಹೊಲಿಗೆಯನ್ನೇ ಹಾಕಿ, ಇಷ್ಟು ಸಣ್ಣದಕ್ಕೆ ಅದರಷ್ಟು ಮೃದುವಾಗಿ ಮಿಷನ್ ಹೊಲಿಗೆ ಕೂರುವುದಿಲ್ಲ.

6. ಚೌಕ ಮಾಡಿ. ಈಗ ಅಳೆದರೆ 12½ ಇರುವುದಿಲ್ಲ. ಚಿಕ್ಕ ಬದಿಗೆ ಹೊಂದುವಂತೆ, ಸುಮಾರು 12 ಇಂಚಿಗೆ ಸವರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ, ಎರಡೂ ಒಂದೇ ಬಂದರೆ ಚೌಕ ಸರಿಯಿದೆ.

7. ತೂಗುಹಾಕುವ ಮೂಲೆ. ತೂಗುಹಾಕುವುದಾದರೆ 3 ಇಂಚಿನ ಎರಡು ಚೌಕವನ್ನು ಕರ್ಣಕ್ಕೆ ಮಡಚಿ, ಹಿಂಬದಿಯ ಮೇಲಿನ ಎರಡು ಮೂಲೆಗೆ ಹೊಂದಿಸಿ ಪಿನ್ನು ಮಾಡಿ. ಅಂಚುಪಟ್ಟಿಯ ಹೊಲಿಗೆಯಲ್ಲೇ ಅವೂ ಸೇರಿಹೋಗುತ್ತವೆ. ಆ ಜೇಬುಗಳಿಗೆ ತೆಳುವಾದ ಕಡ್ಡಿ ಸಿಕ್ಕಿಸಿದರೆ ಸಾಕು. ಅಂಚು ಮುಗಿಸಿದ ಮೇಲೆ ನೆನಪಾದರೆ ಕೈಹೊಲಿಗೆಯೇ ಗತಿ.

8. ಅಂಚುಪಟ್ಟಿ. ಸುತ್ತಳತೆ 48 ಇಂಚು, ಮೂಲೆಗೂ ಜೋಡಣೆಗೂ ಸೇರಿ 60 ಇಂಚು ಉದ್ದ, ಎರಡೂಕಾಲು ಇಂಚು ಅಗಲದ ಪಟ್ಟಿ ಬೇಕು. ತುಂಡುಗಳನ್ನು ಓರೆಯಾಗಿ ಜೋಡಿಸಿ, ನೇರವಾಗಿ ಜೋಡಿಸಿದರೆ ಒಂದೇ ಕಡೆ ಗಂಟಿನಂತೆ ಉಬ್ಬುತ್ತದೆ. ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಮಾಡಿ.

ಶುರುವಿನ ತುದಿಯನ್ನು ಓರೆಯಾಗಿ ಕತ್ತರಿಸಿ ಕಾಲು ಇಂಚು ಒಳಕ್ಕೆ ಮಡಚಿ. ಕೌದಿಯ ಮುಂಬದಿಗೆ, ಒಂದು ಬದಿಯ ನಡುವಿನಿಂದ, ಮೊದಲ ಮೂರು ಇಂಚು ಹೊಲಿಯದೆ ಬಿಟ್ಟು ಕಾಲು ಇಂಚಿನ ಹೊಲಿಗೆ ಹಾಕುತ್ತ ಬನ್ನಿ. ಮೂಲೆ ಕಾಲು ಇಂಚು ಇರುವಾಗಲೇ ನಿಲ್ಲಿಸಿ, ಹಿಂದಕ್ಕೆ ಎರಡು ಹೊಲಿಗೆ ಹಾಕಿ, ದಾರ ಕತ್ತರಿಸಿ. ಕೌದಿ ತಿರುಗಿಸಿ. ಪಟ್ಟಿಯನ್ನು ನೇರ ಮೇಲಕ್ಕೆ ಎತ್ತಿ ಮಡಚಿ, ಮೂಲೆಯಲ್ಲಿ ಓರೆ ಮಡಿಕೆ ಕಾಣಬೇಕು. ಅದನ್ನು ಬೆರಳಲ್ಲಿ ಹಿಡಿದುಕೊಂಡೇ ಪಟ್ಟಿಯನ್ನು ಹೊಸ ಬದಿಯ ಮೇಲೆ ಕೆಳಕ್ಕೆ ಇಳಿಸಿ. ಮೇಲಿನ ಮಡಿಕೆ ಕೌದಿಯ ಅಂಚಿಗೆ ಸಮವಾಗಿರಲಿ. ಅಲ್ಲಿಂದ, ಅಂಚಿನಿಂದಲೇ, ಮತ್ತೆ ಹೊಲಿಗೆ. ಮೂಲೆ ದುಂಡಗಾಯಿತು ಎನ್ನುವವರು ಆ ಕಾಲು ಇಂಚು ಮೊದಲೇ ನಿಲ್ಲಿಸಿರುವುದಿಲ್ಲ.

ಕೊನೆಯ ತುದಿಯನ್ನು ಶುರುವಿನ ಮಡಿಕೆಯೊಳಗೆ ತೂರಿಸಿ, ಹೊಲಿದು ಮುಗಿಸಿ. ಪಟ್ಟಿಯನ್ನು ಹಿಂಬದಿಗೆ ತಿರುಗಿಸಿ, ಹೊಲಿಗೆಯ ಗೆರೆ ಮುಚ್ಚುವಂತೆ ಕೈಯಿಂದ ಹೆಮ್ಮಿಂಗ್ ಮಾಡಿ. ಪಟ್ಟಿಯನ್ನು ಎಲ್ಲೂ ಎಳೆದು ಹಿಡಿಯಬೇಡಿ, ಎಳೆದರೆ ಕೌದಿ ಬಟ್ಟಲಿನಂತೆ ಒಳಬಾಗುತ್ತದೆ.

## ಮಿಷನ್ ಹೇಳುವುದನ್ನು ಕೇಳಿ

ಬಟ್ಟೆಯ ಕೆಳಗೆ ದಾರದ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ ಬಿಚ್ಚುತ್ತಾರೆ. ಬಹುತೇಕ ತಪ್ಪು ಮೇಲಿನ ದಾರದ್ದು. ಮಿಷನ್ ಕಾಲು ಎತ್ತಿಟ್ಟು ದಾರ ಪೋಣಿಸಬೇಕು. ಇಳಿಸಿದ್ದರೆ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ನಡುವೆ ಕೂರುವುದಿಲ್ಲ.

ಕಾರ್ಡು ಹೊಲಿಯುವಾಗ ಹೊಲಿಗೆ ತಪ್ಪತೊಡಗಿದರೆ, ದಾರ ಸೀಳತೊಡಗಿದರೆ ಸೂಜಿ ಮುಟ್ಟಿ ನೋಡಿ. ಫ್ಯೂಸಿಂಗ್ ಅಂಟು ಮೆತ್ತಿಕೊಂಡಿರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹಿಂಬದಿಯ ದಾರ ಮುಂಬದಿಯ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಇಣುಕಿದರೆ ಮೇಲಿನ ಟೆನ್ಷನ್ ಒಂದು ಗೀಟು ಸಡಿಲಿಸಿ.

## ಕೊಡುವ ಮೊದಲು

ಕೌದಿಯ ಹಿಂಬದಿಯ ಕೆಳಮೂಲೆಗೆ ಚಿಕ್ಕ ಬಿಳಿ ಬಟ್ಟೆಯ ಪಟ್ಟಿ ಹೊಲಿಯಿರಿ. ಅದರ ಮೇಲೆ ಯಾರಿಗೆ, ಯಾರಿಂದ, ಯಾವ ದಿನ, ಹೇಗೆ ಒಗೆಯಬೇಕು ಎಂದು ಬರೆಯಿರಿ. ಕಾರ್ಡಿನಂತೆಯೇ, ಬರೆದು ಇಸ್ತ್ರಿ ಒತ್ತಿದ ಮೇಲೆ ಹೊಲಿಯುವುದು. ದೂರಕ್ಕೆ ಕಳಿಸುವುದಾದರೆ ಕೌದಿಯನ್ನು ಮಡಚಬೇಡಿ, ಚಿತ್ರದ ಬದಿ ಹೊರಗಿರುವಂತೆ ಸುರುಳಿ ಸುತ್ತಿ, ನೀರು ತಾಗದ ಚೀಲದಲ್ಲಿಟ್ಟು ಕಟ್ಟಿ.